ಗಣಿತದ ಟೀಚರ್ ದುಬೈಗೆ ಹೋದ ಲೆಕ್ಕ: ದಾವಣಗೆರೆಯ ಒಂದು ಪ್ರಕರಣ

ನನ್ನ ತಂಗಿ ದುಬೈಯ ಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತಾಳೆ ಎಂದು ಗೊತ್ತಾದ ಮೇಲೆ ನನಗೆ ಫೋನ್‌ಗಳು ಶುರುವಾದವು. ಹೊಳಲ್ಕೆರೆ, ಹರಿಹರ, ಚನ್ನಗಿರಿ, ಚಳ್ಳಕೆರೆ, ಎಲ್ಲ ಕಡೆಯ ಟೀಚರ್‌ಗಳು. ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: "ಏಜೆಂಟಿಗೆ ಎಷ್ಟು ಕೊಟ್ರಿ?"

ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದುಡಿಯೋದು ನಾವು, ಕೆಲಸಕ್ಕೆ ದುಡ್ಡು ಕೊಡೋದೂ ನಾವೇ ಅನ್ನುವುದು ನಮ್ಮ ಕಡೆ ಅಷ್ಟು ಸಹಜವಾಗಿಬಿಟ್ಟಿದೆ. ಅದಕ್ಕೇ ನಡೆದದ್ದನ್ನೆಲ್ಲ ಒಂದು ಕಡೆ ಬರೆದಿಡೋಣ ಅನಿಸಿತು. ತಂಗಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹೆಸರು, ಶಾಲೆಗಳ ಹೆಸರು, ಏಜೆಂಟರ ಹೆಸರು ಯಾವುದೂ ಇಲ್ಲಿಲ್ಲ. ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಅವಳು ದಾವಣಗೆರೆಯ ಸೊಸೆ.

ಮೊದಲು ಮನೆಯ ಸ್ಥಿತಿ ಹೇಳುತ್ತೇನೆ. ತಂಗಿ 2007ರಲ್ಲಿ ಬಿಎಸ್ಸಿ ಮುಗಿಸಿದಳು. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಿಎಡ್ ಮಾಡಿದಳು. 2011ರಿಂದ ಊರಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೆಲಸ. ಹನ್ನೆರಡು ವರ್ಷ ದುಡಿದ ಮೇಲೆ ಸಂಬಳ 24 ಸಾವಿರ. ಸಂಜೆ ಮನೆಯಲ್ಲಿ ಟ್ಯೂಷನ್, ಅದರಿಂದ ಎಂಟು ಸಾವಿರ. ಅವಳ ಗಂಡನಿಗೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕಮಿಷನ್ ವ್ಯಾಪಾರ. ಮಳೆ ಚೆನ್ನಾಗಿದ್ದ ವರ್ಷ ಕೈತುಂಬ, ಇಲ್ಲದ ವರ್ಷ ಸಾಲ. ಮನೆ ಕಟ್ಟಿದ ಬ್ಯಾಂಕ್ ಸಾಲ ಇನ್ನೂ ಹನ್ನೊಂದು ವರ್ಷ ಬಾಕಿ ಇತ್ತು.

ಮೊದಲ ಆಫರ್

2023ರ ಜನವರಿ. ತಂಗಿಯ ಜೊತೆ ಕೆಲಸ ಮಾಡುವವರೊಬ್ಬರ ಮೂಲಕ ಒಬ್ಬ ಏಜೆಂಟ್ ಪರಿಚಯವಾದ. ದುಬೈಯಲ್ಲಿ ಸಿಬಿಎಸ್‌ಇ ಶಾಲೆ, ತಿಂಗಳಿಗೆ 5,500 ದಿರಹಂ. ಆಗ ಒಂದು ದಿರಹಂಗೆ 22 ರೂಪಾಯಿಯ ಮೇಲಿತ್ತು. ಲೆಕ್ಕ ಹಾಕಿದರೆ 1.22 ಲಕ್ಷ. ಅಲ್ಲಿನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಮಾರ್ಚ್‌ನಲ್ಲೇ ಹೊರಡಬೇಕು, ಹದಿನೈದು ದಿನದಲ್ಲಿ ತೀರ್ಮಾನ ಹೇಳಿ ಅಂದ. ಅವನ ಚಾರ್ಜು 2.75 ಲಕ್ಷ. ಅರ್ಧ ಈಗ, ಅರ್ಧ ಟಿಕೆಟ್ ಕೈಗೆ ಬಂದಾಗ.

ಮನೆಯಲ್ಲಿ ಆ ವಾರ ನಿದ್ದೆ ಇಲ್ಲ. ತಂಗಿಯ ಅತ್ತೆ ತಮ್ಮ ಬಳೆ ಬಿಚ್ಚಿ ಮೇಜಿನ ಮೇಲೆ ಇಟ್ಟರಂತೆ. ಸೊಸೆ ಮುಂದೆ ಬರಲಿ ಅಂತ ಬಳೆ ಬಿಚ್ಚುವ ಅತ್ತೆ ಎಲ್ಲರಿಗೂ ಸಿಗುವುದಿಲ್ಲ. ಆ ಬಳೆಯ ಸುದ್ದಿ ಕೇಳಿಯೇ ನನಗೆ ಭಯವಾಯಿತು. ಇದು ತಪ್ಪಾದರೆ ಆ ಮನೆಯಲ್ಲಿ ಯಾರ ಮುಖ ಯಾರು ನೋಡಬೇಕು?

ಭಾನುವಾರ ದುರ್ಗದಿಂದ ಬಸ್ಸು ಹತ್ತಿ ಹೋದೆ. ಅವನು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನೆಲ್ಲ ಕೂತು ಓದಿದೆವು. ಓದುತ್ತಾ ಓದುತ್ತಾ ಒಂದೊಂದೇ ಗಂಟು ಕಾಣಿಸಿತು.

ಶಾಲೆಯ ಹೆಸರೇ ಇರಲಿಲ್ಲ. "ಪ್ರತಿಷ್ಠಿತ ಶಾಲೆ" ಅಂತಷ್ಟೇ. ಹೆಸರು ಕೇಳಿದರೆ ಮೊದಲ ಕಂತು ಕಟ್ಟಿದ ಮೇಲೆ ಹೇಳುತ್ತೇವೆ ಅಂದ. ದುಬೈಯಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ. ಅದು ಶಾಲೆಗಳನ್ನು ತಪಾಸಣೆ ಮಾಡಿ 'ಔಟ್‌ಸ್ಟ್ಯಾಂಡಿಂಗ್'ನಿಂದ 'ವೆರಿ ವೀಕ್'ವರೆಗೆ ಆರು ದರ್ಜೆ ಕೊಡುತ್ತಿತ್ತು. ವರದಿಗಳು ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದುವ ಹಾಗಿವೆ. ಹೆಸರು ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಶಾಲೆ ಎಂಥದ್ದು ಅಂತ ತಿಳಿಯುತ್ತಿತ್ತು.

ವೀಸಾ ವಿಸಿಟ್ ವೀಸಾ. "ಅಲ್ಲಿ ಹೋದ ಮೇಲೆ ಶಾಲೆಯವರೇ ಬದಲಾಯಿಸಿಕೊಡುತ್ತಾರೆ" ಅಂದ. ವಿಸಿಟ್ ವೀಸಾದ ಮೇಲೆ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಶಾಲೆ ಬದಲಾಯಿಸಿಕೊಡದಿದ್ದರೆ ದಿನ ಮುಗಿದ ಮೇಲೆ ದಂಡ ಕಟ್ಟುತ್ತಾ ಕೂರಬೇಕಾದವಳು ತಂಗಿ. ಏಜೆಂಟ್ ಅಲ್ಲ.

ಆಮೇಲೆ ಅವನ ಚಾರ್ಜು. ಭಾರತದಲ್ಲಿ 1983ರ ವಲಸೆ ಕಾಯ್ದೆ ಇದೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದ ಅಡಿ ನೋಂದಾಯಿಸಿಕೊಂಡಿರಬೇಕು. ಅವನು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಹುಡುಕಿದೆವು. ಅವನ ಆಫೀಸಿನ ಹೆಸರು ಅಲ್ಲಿ ಇರಲಿಲ್ಲ. ಯುಎಇಯ ಕಾರ್ಮಿಕ ಕಾನೂನು ಇನ್ನೂ ಖಡಕ್ಕಾಗಿದೆ. 2021ರ 33ನೇ ಕಾನೂನಿನ ಪ್ರಕಾರ ನೇಮಕದ ಖರ್ಚನ್ನು ಮಾಲೀಕರೇ ಹೊರಬೇಕು, ನೌಕರರಿಂದ ವಸೂಲಿ ಮಾಡುವಂತಿಲ್ಲ.

ಕೊನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ತಂದದ್ದು. ಮೂಲ ಅಂಕಪಟ್ಟಿಗಳನ್ನೆಲ್ಲ ಅವನ ಹತ್ತಿರ ಕೊಟ್ಟಿರಬೇಕಂತೆ. ಹನ್ನೆರಡು ವರ್ಷ ಪಾಠ ಮಾಡಿದವಳ ಜೀವನವೇ ಆ ಫೈಲಿನಲ್ಲಿದೆ. ಅದು ಒಬ್ಬರ ಕಪಾಟು ಸೇರಿದ ಮೇಲೆ 'ಬೇಡ' ಅನ್ನುವ ಶಕ್ತಿ ನಮಗೆ ಉಳಿಯುತ್ತಾ?

ಬೇಡ ಅಂದೆವು. ತಂಗಿ ಅವತ್ತು ಅತ್ತಳು. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎರಡು ವಾರ ಮಾತಾಡಲಿಲ್ಲ. "ನಿನಗೆ ಸರ್ಕಾರಿ ಸಂಬಳ, ನಿನಗೇನು ಗೊತ್ತು" ಅಂದಳು. ಅವಳ ಮಾತಿನಲ್ಲಿ ಸತ್ಯ ಇತ್ತು. ಒಂದೇ ಓದು, ಒಂದೇ ಕೆಲಸ, ಸಂಬಳ ಮಾತ್ರ ನನ್ನ ಅರ್ಧಕ್ಕೂ ಕಡಿಮೆ. ಆ ಸಿಟ್ಟಿನಿಂದಲೇ ಟೀಚರ್‌ಗಳು ಹೊರಗೆ ನೋಡುತ್ತಾರೆ. ಅದನ್ನು ದುರಾಸೆ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ.

ಕಾಗದದ ವರ್ಷ

ಸಿಟ್ಟು ಇಳಿದ ಮೇಲೆ ಅವಳೇ ಫೋನ್ ಮಾಡಿದಳು. "ಸರಿ ಅಕ್ಕ, ದುಡ್ಡು ಕೊಡದೆ ಹೋಗೋದು ಹೇಗೆ ಹೇಳು." ನಾವಿಬ್ಬರೂ ಸೇರಿ ಒಂದು ತೀರ್ಮಾನ ಮಾಡಿದೆವು. ಮುಂದಿನ ಏಪ್ರಿಲ್‌ಗೆ ಗುರಿ. ಅಲ್ಲಿವರೆಗೆ ಕಾಗದ ಸರಿ ಮಾಡಿಕೊಳ್ಳುವುದು.

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಸಂದರ್ಶನದ ಬಗ್ಗೆ ಕೇಳುತ್ತಾರೆ. ನಮ್ಮನ್ನು ನಿಜವಾಗಿ ತಡೆದದ್ದು ಸಂದರ್ಶನ ಅಲ್ಲ, ಹೆಸರು.

ನಮ್ಮ ಕಡೆ ಸರ್‌ನೇಮ್ ಎಲ್ಲಿದೆ? ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ತಂಗಿಯ ಹೆಸರಿನ ಮುಂದೆ ಎರಡು ಇನಿಷಿಯಲ್: ಒಂದು ಊರಿಂದು, ಒಂದು ಅಪ್ಪಂದು. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ. ಪಾಸ್‌ಪೋರ್ಟಿನಲ್ಲಿ ಬರೀ ಅವಳ ಹೆಸರು, ಸರ್‌ನೇಮ್ ಜಾಗ ಖಾಲಿ. ಅದನ್ನು ಮಾಡಿಸುವಾಗ ಯಾರೋ "ಖಾಲಿ ಬಿಡಿ, ಏನಾಗಲ್ಲ" ಅಂದಿದ್ದರು. ಆದರೆ 2022ರ ನವೆಂಬರ್‌ನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಸರ್‌ನೇಮ್ ಇಲ್ಲದಿದ್ದರೆ ಹೊಸದಾಗಿ ಹೋಗುವವರಿಗೆ ಪ್ರವೇಶದಲ್ಲಿ ತೊಡಕು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಬಿಡುತ್ತಾರೆ ಎಂದು ಆಮೇಲೆ ಸಡಿಲ ಮಾಡಿದರು. ಆದರೂ ಡಿಗ್ರಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಪ್ರತಿ ಟೇಬಲಿನಲ್ಲೂ ಪ್ರಶ್ನೆ. ಹಾಗಾಗಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ ಹೊಸ ಪಾಸ್‌ಪೋರ್ಟ್ ಮಾಡಿಸಿದೆವು. ಎಲ್ಲ ಹೆಸರೂ ಒಬ್ಬಳದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹೊಸ ಪಾಸ್‌ಪೋರ್ಟಿನಲ್ಲಿ ಅವರ ಪೂರ್ತಿ ಹೆಸರು ಅಚ್ಚಾಗಿ ಬಂದಾಗ ನಾವಿಬ್ಬರೂ ಅದನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆವು.

ಆಮೇಲೆ ಡಿಗ್ರಿ. ದಾವಣಗೆರೆ ವಿಶ್ವವಿದ್ಯಾನಿಲಯ ಶುರುವಾದದ್ದು 2009ರಲ್ಲಿ. ಅದಕ್ಕೆ ಮೊದಲು ಇಲ್ಲಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹಾಗಾಗಿ ತಂಗಿಯ ಬಿಎಸ್ಸಿ ಕುವೆಂಪು ವಿವಿಯದು, ಬಿಎಡ್ ದಾವಣಗೆರೆ ವಿವಿಯದು. ಎರಡೂ ಕಾಲೇಜು ಇದೇ ಊರಿನಲ್ಲಿವೆ, ಆದರೆ ಕಾಗದ ಮಾತ್ರ ಎರಡು ಕಡೆ. ಬಿಎಸ್ಸಿಗೆ ಅವಳು ಘಟಿಕೋತ್ಸವದ ಸರ್ಟಿಫಿಕೇಟ್ ತೆಗೆದುಕೊಂಡೇ ಇರಲಿಲ್ಲ. ಹದಿನಾರು ವರ್ಷ ಪ್ರೊವಿಷನಲ್‌ನಲ್ಲೇ ಕಾಲ ಹಾಕಿದ್ದಳು. ನಮ್ಮಲ್ಲಿ ಎಷ್ಟೋ ಜನ ಹೀಗೇ ಇದ್ದಾರೆ. ಅದಕ್ಕಾಗಿ ಚನ್ನಗಿರಿ, ಭದ್ರಾವತಿ ಮೇಲೆ ಕುವೆಂಪು ವಿವಿ ಇರುವ ಶಂಕರಘಟ್ಟಕ್ಕೆ ಮೂರು ಸಲ ಓಡಾಡಿದಳು. ಬಿಎಡ್‌ಗೆ ದಾವಣಗೆರೆ ವಿವಿ ಇರುವ ತೋಳಹುಣಸೆಯ ಶಿವಗಂಗೋತ್ರಿ ಹತ್ತಿರವೇ, ಅದು ಬೇಗ ಆಯಿತು. ಅವಳು ರೆಗ್ಯುಲರ್ ಬಿಎಡ್ ಮಾಡಿದ್ದು ಇಲ್ಲಿ ಕೈ ಹಿಡಿಯಿತು. ಓದಿದ್ದು ರೆಗ್ಯುಲರ್ರಾ, ದೂರಶಿಕ್ಷಣವಾ ಎಂದು ಯುಎಇಯಲ್ಲಿ ಬರಹದಲ್ಲೇ ಕೇಳುತ್ತಾರೆ. ದೂರಶಿಕ್ಷಣದ ಬಿಎಡ್ ಇದ್ದವರಿಗೆ ಇಲ್ಲಿ ಕಷ್ಟವಾಗುತ್ತದೆ.

ಇನ್ನು ಅಟೆಸ್ಟೇಷನ್, ಅಂದರೆ ಸರ್ಟಿಫಿಕೇಟು ಅಸಲಿ ಎಂದು ಕಚೇರಿಗಳಿಂದ ಸೀಲು ಹಾಕಿಸುವುದು. ಒಂದೇ ಸೀಲಿಗೆ ಬೇರೆ ದೇಶದ ಕಾಗದ ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿದೆ. ಆದರೆ ಯುಎಇ ಅದರಲ್ಲಿ ಇಲ್ಲ. ಹಾಗಾಗಿ ಅಪೋಸ್ಟಿಲ್ ಸೀಲು ಒಂದೇ ಸಾಲದು. ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ. ಸರಪಳಿಯ ಒಂದು ಕೊಂಡಿ ತಪ್ಪಿದರೆ ಮುಂದಿನದು ಮುಟ್ಟುವುದಿಲ್ಲ. ಎರಡು ಸರ್ಟಿಫಿಕೇಟಿಗೆ ಬೆಂಗಳೂರು ಓಡಾಟ ಸೇರಿ 26 ಸಾವಿರ ಖರ್ಚಾಯಿತು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಊರಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಯಿತು.

ಅನುಭವ ಪತ್ರಕ್ಕೆ ಪಟ್ಟ ಪಾಡು ಬೇರೆ. ಕೆಲಸ ಮಾಡುತ್ತಿದ್ದ ಶಾಲೆ ಎರಡು ತಿಂಗಳು ಎಳೆದಾಡಿತು. ಹನ್ನೆರಡು ವರ್ಷ ಒಂದು ದಿನ ತಡವಾಗಿ ಬಾರದವಳಿಗೆ ನಾಲ್ಕು ಸಾಲಿನ ಪತ್ರ ಕೊಡಲು ಅಷ್ಟು ದಿನ. ನನಗೆ ಇವತ್ತಿಗೂ ಬೇಸರ ಇದೆ.

ಇದರ ನಡುವೆ ಇಂಗ್ಲೆಂಡ್ ದಾರಿಯನ್ನೂ ನೋಡಿದೆವು. 2023ರ ಫೆಬ್ರವರಿಯಿಂದ ಭಾರತದ ಟೀಚರ್‌ಗಳೂ ಕ್ಯೂಟಿಎಸ್ ಎಂಬ ಅಲ್ಲಿನ ಶಿಕ್ಷಕರ ಅರ್ಹತೆಗೆ ಅರ್ಜಿ ಹಾಕಬಹುದು. ಗಣಿತ, ವಿಜ್ಞಾನ, ಭಾಷೆ ಕಲಿಸುವವರಿಗೆ ಮಾತ್ರ. ತಂಗಿಗೆ ಅದು ಹೊಂದುತ್ತಿತ್ತು. ಆದರೆ ಕ್ಯೂಟಿಎಸ್ ಸಿಕ್ಕರೂ ವೀಸಾ ಕೊಡಿಸುವ ಶಾಲೆಯನ್ನು ಬೇರೆಯಾಗಿ ಹುಡುಕಬೇಕು. ಮಗಳು ಇಲ್ಲಿರುವಾಗ ನಾಲ್ಕು ಗಂಟೆ ಹಾರಾಟದ ದೂರವೇ ಸಾಕು ಅಂದಳು.

ಡೆಮೊ

2023ರ ಡಿಸೆಂಬರ್‌ನಿಂದ ಅವಳು ಶಾಲೆಗಳ ವೆಬ್‌ಸೈಟಿಗೇ ನೇರವಾಗಿ ಅರ್ಜಿ ಹಾಕಿದಳು. ಕೆಎಚ್‌ಡಿಎ ವರದಿ ಓದಿ, 'ಗುಡ್' ಅಥವಾ ಅದಕ್ಕಿಂತ ಮೇಲಿರುವ ಭಾರತೀಯ ಪಠ್ಯಕ್ರಮದ ಶಾಲೆಗಳನ್ನೇ ಆರಿಸಿದಳು. ಬ್ರಿಟಿಷ್ ಶಾಲೆಗಳು, ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳ ಸಂಬಳ ತುಂಬ ಜಾಸ್ತಿ. ಆದರೆ ಅವರು ಆ ಪಠ್ಯಕ್ರಮದ ಅನುಭವವನ್ನೇ ಮೊದಲು ಕೇಳುತ್ತಾರೆ. ಮೂವತ್ತೊಂದು ಅರ್ಜಿಗೆ ನಾಲ್ಕು ಕಡೆಯಿಂದ ಉತ್ತರ ಬಂತು.

ಮೊದಲ ಡೆಮೊ, ಅಂದರೆ ಕ್ಯಾಮೆರಾ ಮುಂದೆ ಮಾಡಿ ತೋರಿಸುವ ಮಾದರಿ ಪಾಠ, ಕೆಟ್ಟಿತು. ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷ ಅವಳೇ ಮಾತಾಡಿದಳು. ಲೆಕ್ಕವೇನೋ ಸರಿಯಾಗಿತ್ತು, ಬೋರ್ಡಿನ ಮೇಲಿನ ಅಕ್ಷರ ಮುತ್ತಿನ ಹಾಗಿತ್ತು. ಅಲ್ಲಿದ್ದ ಮೇಡಂ ಒಂದೇ ಮಾತು ಕೇಳಿದರಂತೆ: ಮಕ್ಕಳು ಈ ಪಾಠದಲ್ಲಿ ಏನು ಮಾಡಿದರು?

ಆ ಪ್ರಶ್ನೆ ಅವಳನ್ನು ಒಂದು ವಾರ ಬಿಡಲಿಲ್ಲ. ಫೋನ್‌ನಲ್ಲಿ ನನಗೆ ಓದಿ ಹೇಳಿದಳು, ನನಗೂ ಮುಳ್ಳು ಚುಚ್ಚಿದ ಹಾಗಾಯಿತು. ನಾವು ಐವತ್ತೆಂಟು ಮಕ್ಕಳ ತರಗತಿಯಲ್ಲಿ ಬೆಳೆದ ಟೀಚರ್‌ಗಳು. ಸದ್ದಿಲ್ಲದೆ ಕೂರಿಸುವುದೇ ಅರ್ಧ ಕೆಲಸ. ಮಕ್ಕಳು ಏನು ಮಾಡಿದರು ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ.

ಎರಡನೇ ಡೆಮೊಗೆ ಅವಳು ಅನುಪಾತದ ಪಾಠ ತೆಗೆದುಕೊಂಡಳು. ಅವರ ಮನೆ ಮಂಡಕ್ಕಿ ಭಟ್ಟಿಗಳ ಕಡೆಗೆ ಹೋಗುವ ದಾರಿಯಲ್ಲಿದೆ. ಕ್ಯಾಮೆರಾ ಮುಂದೆ ಒಂದು ಲೋಟ ಅಕ್ಕಿ ಇಟ್ಟಳು, ಪಕ್ಕದಲ್ಲಿ ಒಂದು ಚೀಲ ಮಂಡಕ್ಕಿ. ಇಷ್ಟು ಅಕ್ಕಿ ಹುರಿದರೆ ಎಷ್ಟು ಲೋಟ ಮಂಡಕ್ಕಿ ಆಗಬಹುದು, ಊಹಿಸಿ ಅಂದಳು. ಮಕ್ಕಳು ಮೂರು ಅಂದರು, ಐದು ಅಂದರು, ಇಪ್ಪತ್ತು ಅಂದರು. ನಿನ್ನ ಉತ್ತರ ಸರಿ ಅಂತ ಹೇಗೆ ತೋರಿಸುತ್ತೀಯ ಅಂತ ಒಬ್ಬೊಬ್ಬರನ್ನೇ ಕೇಳಿದಳು. ತೂಕದಲ್ಲಿ ನೋಡಬೇಕೋ, ಅಳತೆಯಲ್ಲಿ ನೋಡಬೇಕೋ ಎಂದು ಅವರವರಲ್ಲೇ ಜಗಳ ಹತ್ತಿತು. ಅವಳು ಆರು ನಿಮಿಷ ಬಾಯಿಯೇ ಬಿಡಲಿಲ್ಲ. ಫೆಬ್ರವರಿಯಲ್ಲಿ ಆಫರ್ ಬಂತು.

ಎರಡನೇ ಆಫರ್ ಓದಿದ ರೀತಿ

ಒಟ್ಟು 4,800 ದಿರಹಂ. ಮೊದಲ ಏಜೆಂಟ್ ಹೇಳಿದ್ದಕ್ಕಿಂತ 700 ಕಡಿಮೆ. ಆದರೆ ಈ ಸಲ ಕಾಗದದಲ್ಲಿ ಎಲ್ಲ ಬಿಡಿಸಿ ಬರೆದಿತ್ತು: ಮೂಲ ವೇತನ 2,900, ಮನೆ ಬಾಡಿಗೆಗೆ 1,400, ಉಳಿದ ಭತ್ಯೆ 500. ವೀಸಾ, ಹೋಗುವ ಟಿಕೆಟ್, ಆರೋಗ್ಯ ವಿಮೆ ಶಾಲೆಯದೇ. ಸಂಬಳ ಬ್ಯಾಂಕಿಗೆ.

ಮೂಲ ವೇತನ ಯಾಕೆ ಮುಖ್ಯ ಅಂದರೆ, ಬಿಟ್ಟು ಬರುವಾಗ ಕೊಡುವ ಗ್ರಾಚ್ಯುಟಿಯ ಲೆಕ್ಕ ಅದರ ಮೇಲೇ. ಮೊದಲ ಐದು ವರ್ಷದವರೆಗೆ ಪ್ರತಿ ವರ್ಷಕ್ಕೆ 21 ದಿನದ ಮೂಲ ವೇತನ. ತಂಗಿಗೆ ವರ್ಷಕ್ಕೆ 2,030 ದಿರಹಂ, ಅಂದರೆ 46 ಸಾವಿರ ರೂಪಾಯಿ. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ ಮೂಲ ವೇತನವನ್ನು ಚಿಕ್ಕದು ಮಾಡಿದರೆ ಇದು ಕರಗಿಹೋಗುತ್ತದೆ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ, ಆ ಅವಧಿಯಲ್ಲಿ ತೆಗೆಯಬೇಕಾದರೂ 14 ದಿನ ಮೊದಲು ಬರಹದಲ್ಲಿ ಹೇಳಬೇಕು. ಅದೂ ಸರಿಯಾಗಿತ್ತು. ಆಮೇಲೆ ಅಲ್ಲಿಯ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಬಂತು. ಅಂಕಿಗಳು ಶಾಲೆಯ ಪತ್ರಕ್ಕೆ ತಾಳೆಯಾಗುತ್ತವಾ ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದೆವು.

ಒಂದು ಸಾಲು ಮಾತ್ರ ನಮ್ಮ ಕಣ್ಣು ತಪ್ಪಿಸಿತು. ಊರಿಗೆ ಬಂದು ಹೋಗುವ ಟಿಕೆಟ್ ಎರಡು ವರ್ಷಕ್ಕೊಮ್ಮೆ ಎಂದಿತ್ತು. ನಾವು ವರ್ಷಕ್ಕೊಮ್ಮೆ ಅಂದುಕೊಂಡಿದ್ದೆವು. ಮೊದಲ ಬೇಸಿಗೆ ರಜೆಗೆ ಅವಳು ಸ್ವಂತ ದುಡ್ಡಿನಲ್ಲಿ ಬಂದಳು, 38 ಸಾವಿರ ಕೊಟ್ಟು. ಜುಲೈ, ಆಗಸ್ಟ್‌ನಲ್ಲಿ ಎಲ್ಲ ಟೀಚರ್‌ಗಳೂ ಒಟ್ಟಿಗೆ ಹೊರಡುತ್ತಾರೆ, ದರ ಗಗನಕ್ಕೆ.

ಮಗಳು

ಇದನ್ನು ಬರೆಯಲು ನನಗೆ ಕಷ್ಟ. 2024ರ ಏಪ್ರಿಲ್‌ನಲ್ಲಿ ತಂಗಿ ಹೊರಡುವಾಗ ಮಗಳು ಒಂಬತ್ತು ಮುಗಿಸಿ ಹತ್ತಕ್ಕೆ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿ ವರ್ಷ. ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಾವೂ ಲೆಕ್ಕ ಹಾಕಿದೆವು. ಹತ್ತನೇ ಕ್ಲಾಸಿನ ಹೊಸ್ತಿಲಲ್ಲಿ ರಾಜ್ಯ ಪಠ್ಯದಿಂದ ಸಿಬಿಎಸ್‌ಇಗೆ ಹಾರಬೇಕು. ಕನ್ನಡ ಪ್ರಥಮ ಭಾಷೆಯಾಗಿ ಓದಿದ ಹುಡುಗಿ, ಅಲ್ಲಿ ಆ ಪಾಠ ಸಿಗುವುದಿಲ್ಲ. ಫೀಸು, ಕುಟುಂಬದ ವೀಸಾ, ಪ್ರತ್ಯೇಕ ಮನೆ ಸೇರಿದರೆ 4,800ರಲ್ಲಿ ಏನೂ ಉಳಿಯುವುದಿಲ್ಲ. ಒಂದು ವರ್ಷ ಕಾಯೋಣ ಅಂದರೆ ಸಿಕ್ಕ ಆಫರ್ ಕಾಯುವುದಿಲ್ಲ.

ಕೊನೆಗೆ ಹುಡುಗಿಯನ್ನೇ ಕೂರಿಸಿ ಕೇಳಿದೆವು. ಸುಮ್ನೆ ಕೇಳಿದ್ದಲ್ಲ, ಅವಳು ಬೇಡ ಅಂದರೆ ಬೇಡ ಅಂತಲೇ ನಿರ್ಧರಿಸಿದ್ದೆವು. "ಅಮ್ಮ ಹೋಗಲಿ, ಆದರೆ ದಿನಾ ಲೆಕ್ಕ ಹೇಳಿಕೊಡಬೇಕು" ಅಂದಳು.

ವಾಟ್ಸಾಪ್ ಕರೆ ಯುಎಇಯಲ್ಲಿ ನಡೆಯುವುದಿಲ್ಲ. ಅಲ್ಲಿ ಅನುಮತಿ ಇರುವ ಆಪ್‌ಗಳೇ ಬೇಕು. ಇದು ಹೊರಡುವ ಮುಂಚೆ ಗೊತ್ತಿರಲಿಲ್ಲ. ಮೊದಲ ಮೂರು ದಿನ ಅಮ್ಮ ಮಗಳು ಮೆಸೇಜಿನಲ್ಲೇ ಅತ್ತರು. ಆಮೇಲೆ ಗೂಗಲ್ ಮೀಟ್ ಹಿಡಿದರು. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ಅಂತರ. ದಾವಣಗೆರೆಯಲ್ಲಿ ರಾತ್ರಿ ಎಂಟೂವರೆ, ದುಬೈಯಲ್ಲಿ ಏಳು. ಆ ಹೊತ್ತು ಇಬ್ಬರದೂ ಗಟ್ಟಿಯಾಯಿತು. ತಂಗಿ ಅಡುಗೆ ಮಾಡುತ್ತಲೇ ತ್ರಿಕೋನಮಿತಿ ಹೇಳಿಕೊಡುತ್ತಿದ್ದಳು.

ಅಲ್ಲಿಯ ತರಗತಿ

ಅವಳು ಹೋದ ಹೊಸತರಲ್ಲೇ, ಈದ್ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ, ಏಪ್ರಿಲ್ 16ರಂದು ಯುಎಇಯಲ್ಲಿ 75 ವರ್ಷದಲ್ಲಿ ಕಾಣದ ಮಳೆ ಬಂತು. ರಸ್ತೆಗಳೆಲ್ಲ ಕೆರೆ. ಪಾಠ ಆನ್‌ಲೈನ್‌ಗೆ ಹೋಯಿತು. ಹಿಂದಿನ ವರ್ಷ ಕರ್ನಾಟಕದ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಗಿತ್ತು, ನಮ್ಮಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು. ಮರಳುಗಾಡಿಗೆ ಹೋದವಳು ನೀರಿನಲ್ಲಿ ಸಿಕ್ಕಿಕೊಂಡಳಲ್ಲ ಎಂದು ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಿದ್ದರು.

ಶಾಲೆ ಬೆಳಿಗ್ಗೆ ಬೇಗ. ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ. ಕೆಎಚ್‌ಡಿಎ ಅನುಮತಿ ಬಂದ ಮೇಲಷ್ಟೇ ತರಗತಿಗೆ ಕಾಲಿಡಬೇಕು. ಪ್ರತಿ ಪಾಠಕ್ಕೂ ಬರಹದ ಯೋಜನೆ: ಮುಂದಿರುವ ಮಕ್ಕಳಿಗೆ ಏನು, ಮಧ್ಯದವರಿಗೆ ಏನು, ಹಿಂದುಳಿದವರಿಗೆ ಏನು. ಮೊದಲ ಎರಡು ತಿಂಗಳು ರಾತ್ರಿ ಹನ್ನೆರಡರವರೆಗೆ ಕೂತು ಬರೆದಳು. ಅವಳ ಇಂಗ್ಲಿಷಿನ ಉಚ್ಚಾರಕ್ಕೆ ಎಂಟನೇ ಕ್ಲಾಸಿನ ಕೆಲವರು ನಕ್ಕರು. ಅದು ಒಂದು ತಿಂಗಳಿಗೆ ತಾನಾಗಿ ನಿಂತಿತು. ಲೆಕ್ಕ ಅರ್ಥವಾಗುವ ಹಾಗೆ ಹೇಳುವವರನ್ನು ಮಕ್ಕಳು ಎಲ್ಲಿಯೂ ಬಿಡುವುದಿಲ್ಲ.

ಅವಳನ್ನು ಬದಲಾಯಿಸಿದ್ದು ಒಬ್ಬ ಹುಡುಗ. ಆರನೇ ಕ್ಲಾಸು, ಆಟಿಸಂ ಇರುವವನು. ವಿಶೇಷ ಅಗತ್ಯದ ಮಕ್ಕಳನ್ನು ಅಲ್ಲಿ 'ಸ್ಟೂಡೆಂಟ್ಸ್ ಆಫ್ ಡಿಟರ್ಮಿನೇಷನ್' ಅನ್ನುತ್ತಾರೆ, ಅಂದರೆ ಛಲದ ಮಕ್ಕಳು. ಅವನಿಗೆ ಜೊತೆಯಲ್ಲಿ ಕೂರುವ ಒಬ್ಬ ಸಹಾಯಕಿ ಇದ್ದರು. ಅವನಿಗಾಗಿಯೇ ಬರೆದ ಕಲಿಕೆಯ ಯೋಜನೆ ಇತ್ತು. ತಂಗಿ ಅಂಥದ್ದನ್ನು ಜೀವನದಲ್ಲಿ ನೋಡಿರಲಿಲ್ಲ. ಹುಡುಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಿರಲಿಲ್ಲ. ಬರೆ ಅಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ಭಿನ್ನರಾಶಿ ಹೇಳುವಾಗ ಅವಳು ಪೇಪರ್ ಕಪ್‌ಗಳನ್ನು ಅವನ ಮುಂದಿಟ್ಟಳು. ಅವನು ಎಂಟು ಕಪ್ ಜೋಡಿಸಿ, ಮೂರನ್ನು ಪಕ್ಕಕ್ಕೆ ಸರಿಸಿ, ಅವಳ ಮುಖ ನೋಡಿದ. ಎಂಟರಲ್ಲಿ ಮೂರು. ಯಾರೂ ಹೇಳಿಕೊಟ್ಟಿರಲಿಲ್ಲ.

ಅವತ್ತು ರಾತ್ರಿ ಅವಳು ಮಗಳ ಪಾಠ ಮುಗಿಸಿ ನನಗೆ ಫೋನ್ ಮಾಡಿದಳು. ಕಪ್‌ಗಳ ಕಥೆ ಹೇಳಿದಳು. ಆಮೇಲೆ ಸುಮ್ಮನಾದಳು. ದಾವಣಗೆರೆಯಲ್ಲಿ ಅವಳ ತರಗತಿಯಲ್ಲಿ ಇಂಥದ್ದೇ ಒಬ್ಬ ಹುಡುಗಿ ಇದ್ದಳಂತೆ. ಬರೆಯುತ್ತಿರಲಿಲ್ಲ, ಕೂಗಿದರೆ ನಡುಗುತ್ತಿದ್ದಳು. "ಅವಳನ್ನ ಕೊನೇ ಬೆಂಚಲ್ಲಿ ಕೂರಿಸಿದ್ದೆ ಅಕ್ಕ, ಎರಡು ವರ್ಷ" ಅಂದಳು. ಅತ್ತಳು. ನಾನೂ ಏನು ಹೇಳಲಿ? ನನ್ನ ಶಾಲೆಯ ಕೊನೆಯ ಬೆಂಚೂ ಖಾಲಿ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಮ್ಮ ದೇಶದಲ್ಲೂ ಇದೆ, ಎಲ್ಲರೊಟ್ಟಿಗೆ ಕಲಿಯುವ ಹಕ್ಕು ನಮ್ಮ ಮಕ್ಕಳಿಗೂ ಇದೆ. ಕೊರತೆ ಇರುವುದು ಜೊತೆಯಲ್ಲಿ ಕೂರುವ ಆ ಇನ್ನೊಬ್ಬರದು. ಮರುದಿನ ನಾನು ಬಜಾರಿನಿಂದ ನೂರು ಪೇಪರ್ ಕಪ್ ತಂದೆ. ನನ್ನ ತರಗತಿಯ ಇಬ್ಬರು ಮಕ್ಕಳು ಈಗ ಅವುಗಳಲ್ಲೇ ಲೆಕ್ಕ ಮಾಡುತ್ತಾರೆ.

ತಿಂಗಳ ಲೆಕ್ಕ

ಕೈಗೆ 4,800. ಅಲ್ ಕುಸೈಸ್‌ನಲ್ಲಿ ಮೂವರು ಟೀಚರ್‌ಗಳ ಜೊತೆ ಹಂಚಿಕೊಂಡ ಫ್ಲಾಟಿನಲ್ಲಿ ಅವಳ ಪಾಲು 1,100. ಊಟಕ್ಕೆ 650, ಫೋನ್‌ಗೆ 150, ಬೇರೆ ಖರ್ಚು 300. ಶಾಲೆಗೆ ಶಾಲೆಯ ಬಸ್ಸು. ಉಳಿದದ್ದು 2,600, ಊರಿಗೆ ಸುಮಾರು 59 ಸಾವಿರ ರೂಪಾಯಿ. ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ.

ಇಲ್ಲಿ ಅವಳು ಟ್ಯೂಷನ್ ಸೇರಿ ತರುತ್ತಿದ್ದದ್ದು 32 ಸಾವಿರ. ಅಂದರೆ ನಿಜವಾಗಿ ಹೆಚ್ಚಾದದ್ದು 27 ಸಾವಿರ. 1.22 ಲಕ್ಷ ಅಂತ ಕೇಳಿದ ಕಿವಿಗೆ ಇದು ಚಿಕ್ಕದಾಗಿ ಕಾಣುತ್ತದೆ. ಆ 2.75 ಲಕ್ಷ ಸಾಲ ಮಾಡಿ ಹೋಗಿದ್ದರೆ ಈ ಹೆಚ್ಚಿಗೆಯಲ್ಲಿ ಬಡ್ಡಿ ಬಿಟ್ಟು ಅಸಲು ತೀರಿಸಲೇ ಹತ್ತು ತಿಂಗಳು ಬೇಕಿತ್ತು. ಕಾಗದಕ್ಕೆ ಹೋದ 26 ಸಾವಿರ ಒಂದೇ ತಿಂಗಳಲ್ಲಿ ವಾಪಸ್ಸು ಬಂತು. ಅತ್ತೆಯ ಬಳೆ ಅತ್ತೆಯ ಕೈಯಲ್ಲೇ ಇವೆ. ಬ್ಯಾಂಕ್ ಸಾಲಕ್ಕೆ ಪ್ರತಿ ತಿಂಗಳು ಸ್ವಲ್ಪ ಜಾಸ್ತಿ ಕಟ್ಟುತ್ತಿದ್ದಾರೆ.

ಖರ್ಚಿನ ಪಟ್ಟಿಯಲ್ಲಿ ಬರದ ಸಾಲುಗಳೂ ಇವೆ. ಎಪ್ಪತ್ತು ದಾಟಿದ ಅತ್ತೆ ಮತ್ತೆ ಒಲೆ ಮುಂದೆ ನಿಂತರು. ತಂಗಿಯ ಗಂಡ ಮಗಳ ಜಡೆ ಹಾಕಲು ಕಲಿತ. ದೀಪಾವಳಿಗೆ ತಂಗಿ ಇರಲಿಲ್ಲ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ಕ್ಕೆ ಶುರುವಾಯಿತು. ಅಲ್ಲಿ ತಂಗಿಯ ಶಾಲೆಯ ವರ್ಷ ಮುಗಿಯುವ ಹೊತ್ತು, ಉತ್ತರಪತ್ರಿಕೆ, ಫಲಿತಾಂಶ, ಪೋಷಕರ ಸಭೆ. ಅವಳಿಗೆ ರಜೆ ಸಿಕ್ಕದ್ದು 27ಕ್ಕೆ. ಗಣಿತ ಪರೀಕ್ಷೆ 24ಕ್ಕೆ. ಹದಿಮೂರು ವರ್ಷ ಗಣಿತ ಕಲಿಸಿದವಳ ಮಗಳು ಆ ಬೆಳಿಗ್ಗೆ ಅಜ್ಜಿಯ ಕಾಲಿಗೆ ಬಿದ್ದು, ಅಪ್ಪನ ಸ್ಕೂಟರಿನಲ್ಲಿ ಪರೀಕ್ಷೆಗೆ ಹೋದಳು. ಮಧ್ಯಾಹ್ನ ಮನೆಗೆ ಬಂದು ಪ್ರಶ್ನೆಪತ್ರಿಕೆಯ ಫೋಟೊ ಕಳಿಸಿದಳು. ಪಕ್ಕದಲ್ಲಿ ತನ್ನ ಉತ್ತರಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು.

ತಂಗಿ ಆಗ ಸ್ಟಾಫ್ ರೂಮಿನಲ್ಲಿದ್ದಳು. ಮುಂದಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, ಕೆಂಪು ಪೆನ್ನು ತೆಗೆದು, ಮಗಳ ಪತ್ರಿಕೆಯನ್ನು ಮೊದಲ ಪ್ರಶ್ನೆಯಿಂದ ನೋಡಲು ಶುರು ಮಾಡಿದಳಂತೆ.